ಬೀಗದೊಳಗಿನ ಸ್ಪೀಡು

ದೆವ್ವ, ಗಾಳಿ, ಪವಾಡ ಯಾವುದನ್ನೂ ನಾನು ನಂಬಿದವನಲ್ಲ. ಈ ಅಪನಂಬಿಕೆ ನನಗೆ ಪುಸ್ತಕ ಓದಿ ಬಂದದ್ದೂ ಅಲ್ಲ. ನಾನು ಚಿಕ್ಕವನಿದ್ದಾಗ ತಂಗಿಗೆ ಜ್ವರ ಬಂತು. ಮನೆಯವರು ಮೊದಲು ತಾಯತ ಕಟ್ಟಿಸಿದರು, ಆಮೇಲೆ ಯಾರೋ ಮಂತ್ರಿಸಿ ಕೊಟ್ಟ ನೀರು ಕುಡಿಸಿದರು, ಕೊನೆಗೆ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಅಷ್ಟರಲ್ಲಿ ಅವಳು ಉಳಿಯುವ ಹಂತ ದಾಟಿದ್ದಳು. ಅವತ್ತಿನಿಂದ ಯಾರಾದರೂ ನನ್ನ ಮುಂದೆ ಪವಾಡದ ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ. ಹಾಗೆ ಎದ್ದು ಹೋಗುತ್ತಿದ್ದವನೇ ಈಗ ಕೂತು ಇದನ್ನು ಬರೆಯುತ್ತಿದ್ದೇನೆ.

ಓದಿದ ಮೇಲೆ ನಿಮ್ಮಲ್ಲಿ ಕೆಲವರು, ಇಂಜಿನಿಯರ್ ಆಗಿ ಇವನಿಗೇನು ಬಂತು ಎಂದು ನಗಬಹುದು. ಇನ್ನು ಕೆಲವರು, ನೋಡಿದಿರಾ, ಎಲ್ಲದಕ್ಕೂ ಮೇಲೊಬ್ಬ ಇದ್ದಾನೆ ಎಂದು ಕೈಮುಗಿಯಬಹುದು. ದಯವಿಟ್ಟು ಎರಡನ್ನೂ ಮಾಡಬೇಡಿ. ಕೈಮುಗಿದುದರಿಂದ ಏನಾಯಿತು ಎನ್ನುವುದೂ ಇದರಲ್ಲೇ ಬರುತ್ತದೆ.

ನಮ್ಮೂರು ಆದೋನಿ ಹತ್ತಿರದ ಪೆದ್ದಹರಿವಾಣಂ. ಅಪ್ಪ ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲಿ. ನಮ್ಮ ಮನೆಯಲ್ಲಿ, ಮನೆಯೇನು, ನಮ್ಮ ಇಡೀ ಓಣಿಯಲ್ಲಿ ಡಿಗ್ರಿ ಪಡೆದವನು ನಾನೇ ಮೊದಲು. ಕನ್ನಡದಲ್ಲಿ ಅಕ್ಷರ ಕಲಿತು, ತೆಲುಗಿನಲ್ಲಿ ಹೈಸ್ಕೂಲು ದಾಟಿ, ಇಂಗ್ಲಿಷಿನಲ್ಲಿ ಮುಗ್ಗರಿಸುತ್ತ ಎಲೆಕ್ಟ್ರಿಕಲ್ ಬಿ.ಟೆಕ್ ಮುಗಿಸಿದೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹೈಸ್ಕೂಲಿನಿಂದ ಕಾಲೇಜು ಮುಗಿಯುವವರೆಗೆ ನಾನು ಇದ್ದದ್ದು ಆದೋನಿಯಲ್ಲಿ, ನನ್ನ ಅವ್ವನ ತಂಗಿ ಈರಮ್ಮನ ಒಂದೇ ಕೋಣೆಯ ಮನೆಯಲ್ಲಿ. ಈರಮ್ಮ ಚಿಗವ್ವನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಊರ ಹೊರಗಿನ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಜಿನ್ನಿಗೆ, ಅಂದರೆ ಕಾಳು ಬಿಡಿಸುವ ಯಂತ್ರಕ್ಕೆ, ಹತ್ತಿ ಹಾಕುವ ಕೆಲಸ. ಬೆಳಿಗ್ಗೆ ಎದ್ದು ರೊಟ್ಟಿ ಬಡಿದಿಟ್ಟು ಹೋದರೆ ಸಂಜೆ ತಲೆ ತುಂಬ ಅರಳೆ ಮೆತ್ತಿಕೊಂಡು ಬರುತ್ತಿದ್ದಳು. ನಾನು ಓದಿದ್ದು ಆ ಎರಡು ಕೈಗಳ ದುಡಿಮೆಯಲ್ಲಿ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಮುಂದೆ ನಾನು ಹೇಳುವುದೆಲ್ಲ ಆ ಕೈಗಳಲ್ಲಿ ಒಂದರ ವಿಷಯ.

ಓದು ಮುಗಿದ ಮೇಲೆ ಸರ್ಕಾರಿ ಕೆಲಸಕ್ಕೆ ಅಲೆದು ಅಲೆದು ಚಪ್ಪಲಿ ಸವೆಯಿತು. ಕೊನೆಗೆ ಕೆಲಸ ಸಿಕ್ಕಿದ್ದು ಚಿಗವ್ವ ದುಡಿಯುತ್ತಿದ್ದ ಅದೇ ಮಿಲ್ಲಿನಲ್ಲಿ, ಎಲೆಕ್ಟ್ರಿಕಲ್ ಇಂಜಿನಿಯರ್ ಆಗಿ. ಮೊದಲ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜಿನ್ನುಗಳಿದ್ದ ಹಾಲಿಗೆ ಕಾಲಿಟ್ಟೆ. ಹೆಂಗಸರೆಲ್ಲ ಕೈಕೆಲಸ ಬಿಟ್ಟು ನೋಡಿದರು.

“ಈರಮ್ಮಕ್ಕ, ಇವನ ಏನು ನಿಮ್ಮ ಇಂಜಿನಿಯರ್? ಫ್ಯಾನ್ ಹಾಕ್ಸಾಕರ ಬರ್ತೈತೋ ಇಲ್ಲೋ ಕೇಳು!” ಎಂದು ಒಬ್ಬಳು ಕೂಗಿದಳು.

“ಮೊದಲು ಅವನಿಗೆ ಒಂದು ಹೆಣ್ಣು ನೋಡ್ರೇ, ಫ್ಯಾನ್ ಆಮ್ಯಾಲೆ ತಾನ ತಿರಗತೈತಿ,” ಅಂದಳು ಚಿಗವ್ವ. ಇಡೀ ಹಾಲು ನಕ್ಕಿತು. ನಕ್ಕವರಲ್ಲಿ ಎಲ್ಲರಿಗಿಂತ ಚಿಕ್ಕವಳು ನಾಗವೇಣಿ. ದೇವನಕೊಂಡದ ಕಡೆಯ ಹುಡುಗಿ, ಹೊಸದಾಗಿ ಮದುವೆಯಾಗಿ ಬಂದಿದ್ದಳು. ಚಿಗವ್ವನ ಪಕ್ಕದ ಜಿನ್ನು ಅವಳದು.

ಈಗ ಒಂದಿಷ್ಟು ಯಂತ್ರದ ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಕರೆಂಟಿನ ಬರ ಇದ್ದ ಕಾಲ ಅದು. ಹತ್ತಿಯ ಸೀಜನ್ನಿನಲ್ಲಿ ದಿನದಲ್ಲಿ ಅರ್ಧ ಹೊತ್ತು ಮಿಲ್ಲು ಓಡುತ್ತಿದ್ದದ್ದು ಡೀಸೆಲ್ ಜನರೇಟರಿನ ಮೇಲೆ. ಜಿನ್ನಿನ ಮೋಟರು ಎಷ್ಟು ಜೋರಾಗಿ ತಿರುಗಬೇಕೆನ್ನುವುದು ಅದಕ್ಕೆ ಬರುವ ಕರೆಂಟಿನ ಫ್ರೀಕ್ವೆನ್ಸಿಯ ಮೇಲೆ, ಅಂದರೆ ಆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎನ್ನುವುದರ ಮೇಲೆ ನಿಂತಿದೆ. ಸರ್ಕಾರದ ಕರೆಂಟಿನಲ್ಲಿ ಅದು ಐವತ್ತರ ಆಸುಪಾಸಿನಲ್ಲೇ ಇರುತ್ತದೆ, ಅದನ್ನು ಬದಲಾಯಿಸಲು ಯಾವ ಸಾವುಕಾರನಿಂದಲೂ ಆಗುವುದಿಲ್ಲ. ಆದರೆ ಸ್ವಂತ ಜನರೇಟರು ಇದ್ದರೆ ಕತೆಯೇ ಬೇರೆ. ಇಂಜಿನ್ನಿನ ವೇಗವೇ ಫ್ರೀಕ್ವೆನ್ಸಿ. ಆ ವೇಗವನ್ನು ಕಾಯುವುದು ಗವರ್ನರ್ ಎನ್ನುವ ಒಂದು ಪುಟ್ಟ ಯಂತ್ರ. ಇಂಜಿನ್ ಜೋರಾದರೆ ಅದು ಡೀಸೆಲ್ ಕಡಿಮೆ ಮಾಡುತ್ತದೆ, ಇಂಜಿನ್ ಸೋತರೆ ಡೀಸೆಲ್ ಹೆಚ್ಚು ಬಿಡುತ್ತದೆ. ಎಷ್ಟಕ್ಕೆ ಕಾಯಬೇಕು ಎನ್ನುವುದನ್ನು ಅದರ ಪಕ್ಕದ ಒಂದು ಸ್ಕ್ರೂ ಹೇಳುತ್ತದೆ. ಆ ಸ್ಕ್ರೂವನ್ನು ಚೂರು ತಿರುಗಿಸಿದರೆ ಮಿಲ್ಲಿನ ಎಲ್ಲ ಜಿನ್ನುಗಳೂ ಒಟ್ಟಿಗೆ ಜೋರಾಗುತ್ತವೆ.

ನಮ್ಮ ಸಾವುಕಾರರು ಅದನ್ನೇ ಮಾಡಿಸಿದ್ದರು. ಡೀಸೆಲ್ ಮೇಲೆ ಓಡುವಾಗ ಐವತ್ಮೂರು. ನಾನು ಕೆಲಸಕ್ಕೆ ಸೇರಿದ ಮೇಲೆ ಸ್ಕ್ರೂವನ್ನು ಐವತ್ತಕ್ಕೆ ಇಳಿಸಿದೆ. ಅವರಿಗೆ ಸಂಜೆಯ ಅರಳೆ ಕಡಿಮೆಯಾದದ್ದು ನೋಡಿಯೇ ಗೊತ್ತಾಯಿತು. ಕರೆಸಿದರು.

“ಏಮಯ್ಯಾ ಇಂಜಿನಿಯರ್, ಸ್ಪೀಡ್ ಯಾಕ ಇಳಿಸಿದಿ?”

“ಸಾವುಕಾರ್ರ, ಅದು ಐವತ್ತಕ್ಕ ಮಾಡಿದ ಮೋಟರು. ಬಿಸಿ ಆಗ್ತಾವ. ಮತ್ತ ಹೆಣ್ಮಕ್ಕಳ ಕೈ ಅದಾವ ಅದರಾಗ.”

“ನೋಡಪಾ, ಸರ್ಕಾರದ ಕರೆಂಟಿಗೆ ಸರ್ಕಾರದ ಸ್ಪೀಡು. ನನ್ನ ಡೀಸಲ್‌ಗೆ ನನ್ನ ಸ್ಪೀಡು. ಇಷ್ಟು ನಿನಗ ಕಾಲೇಜಿನಾಗ ಹೇಳಿಕೊಟ್ಟಿಲ್ಲೇನು?”

ಮೂರು ಹೆಚ್ಚಾದರೆ ಏನಾಗುತ್ತದೆ ಎಂದು ನಿಮಗೂ ಅನ್ನಿಸಬಹುದು. ಜಿನ್ನಿನ ಬಾಯಲ್ಲಿ ಎರಡು ಚರ್ಮದ ರೋಲರುಗಳು ಹತ್ತಿಯ ಎಳೆಯನ್ನು ಎಳೆದುಕೊಳ್ಳುತ್ತವೆ, ಕಾಳು ಕೆಳಗೆ ಬೀಳುತ್ತದೆ. ಹತ್ತಿ ಹಸಿಯಿದ್ದರೆ ಬಾಯಿ ಕಟ್ಟಿಕೊಳ್ಳುತ್ತದೆ. ಆಗ ಜಿನ್ನು ನಿಲ್ಲಿಸಿ ತೆಗೆಯಬೇಕು ಎಂದು ನಿಯಮ. ನಿಲ್ಲಿಸಿದರೆ ಮೇಸ್ತ್ರಿಯಿಂದ ಬೈಗುಳ ಎಂದು ರೂಢಿ. ಹಾಗಾಗಿ ಹೆಂಗಸರು ಓಡುವ ಜಿನ್ನಿಗೇ ಕೈ ಹಾಕಿ, ಸರಕ್ಕನೆ ಗಂಟು ಕಿತ್ತು ಕೈ ತೆಗೆಯುತ್ತಿದ್ದರು. ಅದು ಕೈಗೆ ಕೂತ ತಾಳ, ತಲೆ ಅದರಲ್ಲಿ ಇರುವುದಿಲ್ಲ. ಬೆಳಿಗ್ಗೆ ಐವತ್ತರಲ್ಲಿ ಕೂತ ತಾಳ ಮಧ್ಯಾಹ್ನ ಐವತ್ಮೂರಕ್ಕೆ ಹೊಂದುವುದಿಲ್ಲ. “ಡೀಸಲ್ ಮ್ಯಾಲೆ ಓಡಾಗ ಅದು ಬ್ಯಾರೇನ ಮಿಷನ್ ನೋಡಪ, ನಮ್ಮನ್ನ ಗುರುತು ಹಿಡಿಯಲ್ಲ,” ಎನ್ನುತ್ತಿದ್ದಳು ಚಿಗವ್ವ. ಕರೆಂಟು ಹೋಗಿ ಜನರೇಟರು ಎದ್ದೇಳುವ ನಡುವಿನ ಚೂರು ಹೊತ್ತಿನಲ್ಲಿ ಆ ಹಾಲಿನ ಹೆಂಗಸರೆಲ್ಲ ಬಳೆಗಳನ್ನು ಮೊಳಕೈಗೆ ಏರಿಸಿ, ಮೇಲೆ ಬಟ್ಟೆ ಚೂರು ಸುತ್ತಿ, ಸೆರಗು ಬಿಗಿದು ಕಟ್ಟಿಕೊಳ್ಳುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ.

ನಾನು ಮತ್ತೆ ಇಳಿಸಿದೆ. ಅವರು ಮತ್ತೆ ಏರಿಸಿದರು. ಕೊನೆಗೆ ಸಾವುಕಾರರು ವೆಲ್ಡಿಂಗ್ ಮಾಡುವವನನ್ನು ಕರೆಸಿ ಗವರ್ನರಿನ ಸುತ್ತ ಕಬ್ಬಿಣದ ಜಾಲರಿಯ ಪೆಟ್ಟಿಗೆ ಮಾಡಿಸಿದರು. ಸ್ಕ್ರೂವಿನ ಮೇಲೆ ಐವತ್ಮೂರರ ಗುರುತಿಗೆ ಬಿಳಿ ಬಣ್ಣ ಹಚ್ಚಿಸಿದರು. ಪೆಟ್ಟಿಗೆಗೆ ಬೀಗ ಜಡಿದು ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ತನ್ನ ಇಂಜಿನಿಯರನ ಕೈಗೇ ಸಿಗದಂತೆ ಜನರೇಟರಿಗೆ ಬೀಗ ಹಾಕಿದ ಮಿಲ್ಲು ಬೇರೆ ಎಲ್ಲಾದರೂ ಇದೆಯೋ ಇಲ್ಲವೋ ನಾನು ಕಾಣೆ. ಕೆಲಸ ಬಿಡಬಹುದಿತ್ತು. ಅಪ್ಪನ ಬೆನ್ನು ಆಗಲೇ ಮೂಟೆ ಹೊರಲು ಒಲ್ಲೆ ಅನ್ನುತ್ತಿತ್ತು. ಬಿಡಲಿಲ್ಲ.

ಅವತ್ತು ಮಧ್ಯಾಹ್ನ ಊಟವಾಗಿತ್ತು. ಹಿಂದಿನ ದಿನ ಹೊತ್ತಲ್ಲದ ಹೊತ್ತಿನಲ್ಲಿ ಹನಿ ಬಿದ್ದು ಅಂಗಳದ ಹತ್ತಿ ಥಂಡಿ ಹಿಡಿದಿತ್ತು. ಕರೆಂಟು ಹೋಯಿತು, ಜನರೇಟರು ಎದ್ದಿತು, ಜಿನ್ನುಗಳು ಓಡತೊಡಗಿದವು. ಜನರೇಟರ್ ಕೋಣೆಯಲ್ಲಿ ನಾನು ಮತ್ತು ಆಪರೇಟರ್ ಮಸ್ತಾನ್ ಇಬ್ಬರೇ ಇದ್ದೆವು. ಜಿನ್ನುಗಳ ಹಾಲಿಗೂ ನಮಗೂ ನಡುವೆ ದಪ್ಪ ಗೋಡೆ, ಅಲ್ಲಿ ನಡೆಯುವುದು ಇಲ್ಲಿಗೆ ಕಾಣುವುದಿಲ್ಲ. ನಾನು ಪ್ಯಾನೆಲ್ ಬೋರ್ಡಿನ ಮುಂದೆ ಕೈಕಟ್ಟಿ ನಿಂತಿದ್ದೆ. ಮಾಡಲು ಬೇರೆ ಏನೂ ಇರಲಿಲ್ಲ.

ಮಸ್ತಾನ್ ಜಾಲರಿಯ ಪೆಟ್ಟಿಗೆ ನೋಡಿ ನಗುತ್ತಿದ್ದ. “ಹೈದರಾಬಾದಿನಾಗ ಒಬ್ಬ ಗವರ್ನರ್ ಅದಾನ ಸಾರ್, ಬಂಗಲೇದಾಗ. ನಮ್ಮ ಗವರ್ನರ್ ನೋಡ್ರಿ ಪಾಪ, ಜೈಲಿನಾಗ.”

“ಜೈಲಿನಾಗ ಇದ್ದರೂ ಕೆಲಸ ಮಾಡ್ತೈತಲ್ಲೋ,” ಎಂದೆ.

ಆ ಮಾತು ಬಾಯಲ್ಲಿ ಇರುವಾಗಲೇ ನನ್ನ ಕಣ್ಣು ಮೀಟರಿನ ಮೇಲೆ ಬಿತ್ತು. ಅದು ಹಳೆಯ ತರದ ಮೀಟರು. ಅದರಲ್ಲಿ ಸಣ್ಣ ಸಣ್ಣ ಬಿಳಿ ನಾಲಿಗೆಗಳು ಸಾಲಾಗಿರುತ್ತವೆ. ಕರೆಂಟಿನ ಫ್ರೀಕ್ವೆನ್ಸಿ ಎಷ್ಟಿದೆಯೋ ಆ ಅಂಕಿಯ ನಾಲಿಗೆ ಮಾತ್ರ ಗಡಗಡ ನಡುಗುತ್ತದೆ, ಉಳಿದವು ಸುಮ್ಮನಿರುತ್ತವೆ. ಐವತ್ಮೂರರ ನಾಲಿಗೆ ನಡುಗುವುದನ್ನು ನಿಲ್ಲಿಸಿತು. ಪಕ್ಕದ್ದು ನಡುಗಿತು. ಅದೂ ನಿಂತಿತು, ಅದರ ಪಕ್ಕದ್ದು ನಡುಗಿತು. ಯಾರೋ ಬೆರಳಿನಿಂದ ಒಂದೊಂದನ್ನೇ ಮುಟ್ಟುತ್ತ ಹೋದಂತೆ ಆ ನಡುಕ ಐವತ್ತಕ್ಕೆ ಬಂತು, ಅಲ್ಲಿಂದಲೂ ಇಳಿಯಿತು, ಕೊನೆಯ ನಾಲಿಗೆಯನ್ನು ದಾಟಿತು. ಆಮೇಲೆ ಮೀಟರಿನಲ್ಲಿ ಯಾವ ನಾಲಿಗೆಯೂ ಅಲ್ಲಾಡಲಿಲ್ಲ.

ಇಂಜಿನ್ ನಿಂತಿರಲಿಲ್ಲ. ಬ್ಯಾಟರಿ ಇಳಿದ ಟೇಪ್ ರೆಕಾರ್ಡರಿನಲ್ಲಿ ಹಾಡು ಹೇಗೆ ಜಗ್ಗಿ ಜಗ್ಗಿ ಬರುತ್ತದೋ ಹಾಗೆ ಅದರ ಸದ್ದು ಜಗ್ಗುತ್ತಿತ್ತು. ರೇಡಿಯೇಟರಿನ ಮುಂದಿನ ಫ್ಯಾನು ತಿರುಗುವಾಗ ಬರೀ ಮಂಜಿನಂತೆ ಕಾಣುತ್ತದೆ. ಆಗ ಅದರ ಎಲೆಗಳು ಒಂದೊಂದಾಗಿ ಕಂಡವು. ಒಂದು ಎಲೆಯ ಅಂಚು ಮುರಿದದ್ದು ನನಗೆ ಗೊತ್ತಾದದ್ದೇ ಆವಾಗ. ಅಷ್ಟು ನಿಧಾನಕ್ಕೆ, ಬೀಸುವ ಕಲ್ಲಿನ ಹಾಗೆ, ಅದು ತಿರುಗುತ್ತಿತ್ತು.

“ಕ್ಯಾ ಹೋರಾ ಸಾಬ್ ಯೇ?” ಎಂದ ಮಸ್ತಾನ್. ಅವನ ಮುಖದಲ್ಲಿ ನಗು ಇನ್ನೂ ಹಾಗೇ ಉಳಿದಿತ್ತು, ತೆಗೆಯುವುದನ್ನು ಮರೆತವನಂತೆ.

ನಾನು ಪೆಟ್ಟಿಗೆಯ ಹತ್ತಿರ ಹೋಗಿ ಜಾಲರಿಯೊಳಗೆ ನೋಡಿದೆ. ಬೀಗ ಇತ್ತು. ಸ್ಕ್ರೂ ಬಿಳಿ ಗುರುತಿನಲ್ಲೇ ಇತ್ತು. ಈಗ ನಾನು ಹೇಳುವುದನ್ನು ಈ ಕೆಲಸ ಬಲ್ಲವರು ಗಮನವಿಟ್ಟು ಓದಬೇಕು. ವೇಗ ಇಳಿದರೆ ಗವರ್ನರಿನ ಲಿವರು ಡೀಸೆಲ್ ಹೆಚ್ಚು ಬಿಡುವ ಕಡೆಗೆ ಪೂರ್ತಿ ವಾಲಬೇಕು. ಅದು ವಾಲಿರಲಿಲ್ಲ. ವೇಗ ಸರಿಯಾಗಿ ಐವತ್ಮೂರು ಇದೆ ಎನ್ನುವಂತೆ ತನ್ನ ಜಾಗದಲ್ಲಿ ಆರಾಮಾಗಿ ಇತ್ತು. ಇಂಜಿನ್ ಸೋತರೆ ಕರಿಹೊಗೆ ಕಾರಬೇಕು, ಕಾರಲಿಲ್ಲ. ಅಷ್ಟು ನಿಧಾನದಲ್ಲಿ ಡೀಸೆಲ್ ಇಂಜಿನ್ ಓಡುವುದೇ ಇಲ್ಲ, ಎರಡು ಸಲ ಅದುರಿ ಸತ್ತು ಹೋಗುತ್ತದೆ. ಸಾಯಲಿಲ್ಲ. ವೇಗದ ಜೊತೆಗೆ ವೋಲ್ಟೇಜು ಬಿದ್ದು ಹಾಲಿನ ಮೋಟರುಗಳ ಸ್ಟಾರ್ಟರುಗಳೆಲ್ಲ ಟಕಟಕ ಬಿಟ್ಟುಕೊಂಡು ಜಿನ್ನುಗಳು ನಿಲ್ಲಬೇಕಿತ್ತು. ನಾನು ತಿರುಗಿ ನೋಡಿದೆ. ವೋಲ್ಟೇಜಿನ ಮುಳ್ಳು ಅಂಟಿಸಿಟ್ಟಂತೆ ಇದ್ದಲ್ಲೇ ಇತ್ತು. ತಲೆಯ ಮೇಲಿನ ಬಲ್ಬು ಮಂಕಾಗಲಿಲ್ಲ. ನಾನು ಕಲಿತ ಪ್ರತಿಯೊಂದು ಪಾಠವೂ ನನ್ನ ಕಣ್ಣ ಮುಂದೆ ಸುಳ್ಳು ಹೇಳುತ್ತ ನಿಂತಿತ್ತು.

ಎಷ್ಟು ಹೊತ್ತು ಹಾಗಿತ್ತೋ ಹೇಳಲಾರೆ. ಒಬ್ಬರು ಕೈಯನ್ನು ಒಳಗಿನಿಂದ ಹೊರಗೆ ಎಳೆದುಕೊಳ್ಳುವಷ್ಟು ಹೊತ್ತು ಎಂದು ಆಮೇಲೆ ಗೊತ್ತಾಯಿತು. ಫ್ಯಾನಿನ ಎಲೆಗಳು ಮತ್ತೆ ಮಂಜಾದವು. ನಡುಕ ಕೊನೆಯ ನಾಲಿಗೆಯಿಂದ ಒಂದೊಂದಾಗಿ ಮೇಲೆ ಬಂದು ಐವತ್ತರಲ್ಲಿ ನೆಲೆಯಾಯಿತು. ಐವತ್ಮೂರಕ್ಕೆ ಹೋಗಲಿಲ್ಲ. ಸ್ಕ್ರೂ ಐವತ್ಮೂರರಲ್ಲಿ, ಇಂಜಿನ್ ಐವತ್ತರಲ್ಲಿ. ಆ ಸಂಜೆ ಕರೆಂಟು ಬರುವವರೆಗೂ ಅದು ಹಾಗೇ ಓಡಿತು. ಮರುದಿನ ಏನೂ ಆಗದಂತೆ ಐವತ್ಮೂರಕ್ಕೆ ಏರಿತು.

ಗೋಡೆಯಾಚೆ ಹೆಂಗಸರ ಕೂಗು ಕೇಳಿ ನಾನು ಓಡಿದೆ. ಚಿಗವ್ವ ತನ್ನ ಜಿನ್ನಿನ ಮುಂದೆ ನೆಲದ ಮೇಲೆ ಕೂತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಬೆರಳ ತುದಿಗಳ ಚರ್ಮ ತರಚಿತ್ತು. ಮೊಳಕೈಗೆ ಸುತ್ತಿದ್ದ ಬಟ್ಟೆ ಚೂರು ಬಿಚ್ಚಿ ಜೋತು ರೋಲರಿನಲ್ಲಿ ಸಿಕ್ಕಿಕೊಂಡಿತ್ತು. ಅಷ್ಟೇ. ಕೈ ಇತ್ತು. ಐದೂ ಬೆರಳು ಇದ್ದವು.

“ಹೋತು ಅಂದ್ಕೊಂಡೆ,” ಎಂದಳು. “ಬಾಯಿ ಕಟ್ಟಿತ್ತು, ಕೈ ಹಾಕಿದೆ, ಬೆರಳು ಹಿಡೀತು. ಹೋತು ಕೈ ಅಂದ್ಕೊಂಡೆ. ಅಷ್ಟರಾಗ ರೋಲರ್ ಮೆಲ್ಲಕಾತು. ಎಳಕೋ, ಎಳಕೋ ಅಂತ ನನಗ ಕಾದಂಗಿತ್ತಪ್ಪ ಅದು.”

ಪಕ್ಕದ ಜಿನ್ನಿನ ನಾಗವೇಣಿ ಹೇಳಿದ್ದು ನನ್ನನ್ನು ಇನ್ನೂ ಹೆದರಿಸಿತು. ಈರಮ್ಮಕ್ಕನ ಬೆರಳು ಸಿಗುವುದಕ್ಕಿಂತ ಚೂರು ಮೊದಲೇ ಎಲ್ಲ ಜಿನ್ನುಗಳೂ ನಿಧಾನ ಆಗಲು ಶುರುವಾದವಂತೆ.

ಸಾವುಕಾರರು ಬಂದರು. ಮೊದಲು ಜಿನ್ನು ನೋಡಿದರು, ಆಮೇಲೆ ಜನರೇಟರ್ ಕೋಣೆಗೆ ಹೋಗಿ ಬೀಗ ಎಳೆದು ನೋಡಿದರು. ಉಡಿದಾರದಿಂದ ಬೀಗದ ಕೈ ಬಿಚ್ಚಿ ತಾವೇ ತೆಗೆದು ಸ್ಕ್ರೂ ನೋಡಿದರು. ಬಿಳಿ ಗುರುತು ಇದ್ದಲ್ಲೇ ಇತ್ತು.

“ನಿಮ್ಮ ಚಿಗವ್ವ ಅಂತ ಸ್ಲೋ ಮಾಡಿದಿ, ಹೌದಲ್ಲೋ?” ಎಂದರು.

“ಬೀಗ ನೀವ ತೆಗದೀರಿ ಸಾವುಕಾರ್ರ. ಗೋಡೆ ಆಚಿಗೆ ಆಕಿ ಕೈ ಹಾಕಿದ್ದು ನನಗ ಹೆಂಗ ಕಾಣ್ತೈತಿ? ಮಸ್ತಾನ್ ನನ್ನ ಬಾಜೂಕ ಇದ್ದ, ಕೇಳ್ರಿ ಅವನ್ನ.”

ಮಸ್ತಾನ್ ನನ್ನ ಮುಖ ನೋಡಲಿಲ್ಲ. “ನಾ ಚಾ ಕುಡಿಯಾಕ ಹೋಗಿದ್ದೆ ಸಾವುಕಾರ್ರ. ನನಗ ಏನೂ ಗೊತ್ತಿಲ್ಲ,” ಎಂದ.

“ಓದಿದವರಿಗೆ ಬೀಗ ಯಾಕ ತೆಗೀಬೇಕಪಾ? ಹೊರಗ ನಿಂತ ಏನೇನರ ಮಾಡ್ತೀರಿ ನೀವು,” ಎಂದರು ಸಾವುಕಾರರು.

ನಾನು ಓದಿದ್ದು ನನ್ನ ಮಾತಿಗೆ ನಾಲ್ಕು ಜನರ ಮುಂದೆ ಬೆಲೆ ಬರಲಿ ಎಂದು. ಅವತ್ತು ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ನನ್ನ ಓದೇ ನನ್ನ ಮೇಲಿನ ಸಾಕ್ಷಿಯಾಯಿತು. ಇಂಜಿನ್ನಿನ ಮೆಕ್ಯಾನಿಕ್‌ ಬಂದು ಪಂಪು ಬಿಚ್ಚಿದ, ಗವರ್ನರು ಬಿಚ್ಚಿದ, ಎಣ್ಣೆ ಸೋಸಿ ನೋಡಿದ, ಎಲ್ಲ ಸರಿಯಾಗಿದೆ ಎಂದು ಹೇಳಿ ಹೋದ. ಎಲ್ಲ ಸರಿಯಾಗಿದ್ದರೆ ತಪ್ಪು ಇಂಜಿನಿಯರನದೇ ಎಂದಾಯಿತು. ನನ್ನನ್ನು ತೆಗೆದರು. ಅಜಾಗ್ರತೆಯಿಂದ ಓಡುವ ಜಿನ್ನಿಗೆ ಕೈ ಹಾಕಿದಳು ಎಂದು ಚಿಗವ್ವನನ್ನೂ ತೆಗೆದರು. ಉಳಿದ ಕೈಗೆ ಕೆಲಸವಿಲ್ಲದಂತಾಯಿತು.

ಮಸ್ತಾನ್ ಒಂದು ಸಲ ಮಾರ್ಕೆಟ್ಟಿನ ಹತ್ತಿರ ಸಿಕ್ಕ. ನಾನು ಮಾತಾಡಿಸದೆ ಹೋಗುತ್ತಿದ್ದೆ, ಅವನೇ ಅಡ್ಡ ಬಂದ. “ನೋಡೀನಿ ಅಂದಿದ್ರ ಇಬ್ರೂ ಮನಿಗೆ ಹೋಗ್ತಿದ್ವಿ ಸಾರ್. ಈಗ ಒಬ್ಬನರ ಉಳಿದೀನಿ,” ಎಂದ. ಬೈಯಬೇಕು ಅಂದುಕೊಂಡಿದ್ದೆ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ.

ಆದರೆ ನಾನು ಹೇಳಬೇಕಾದದ್ದು ಇನ್ನೊಂದಿದೆ. ಚಿಗವ್ವನ ಕೈ ಉಳಿದ ದಿನದ ಸಂಜೆ ಮಿಲ್ಲಿನ ಗೇಟಿನ ಹೊರಗೆ ಹೆಂಗಸರು ನನ್ನನ್ನು ಸುತ್ತುವರಿದಿದ್ದರು. ಒಬ್ಬಳು ಕಾಲು ಮುಟ್ಟಲು ಬಂದಳು. “ನಮ್ಮ ಇಂಜಿನಿಯರಪ್ಪ ಉಳಿಸಿದ” ಅಂದಳು. ನನಗೆ ಸಿಟ್ಟು ಬಂತು. ಮಾಡದ ಕೆಲಸಕ್ಕೆ ಬೈಸಿಕೊಂಡು ಆಗಷ್ಟೇ ಹೊರಗೆ ಬಂದಿದ್ದೆ, ಅದೇ ಮಾಡದ ಕೆಲಸಕ್ಕೆ ಹೊಗಳಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ.

“ನಾ ಮಾಡಿಲ್ಲ. ಪೆಟ್ಟಿಗೀಗೆ ಬೀಗ ಇತ್ತು. ನಾ ಕೈಕಟ್ಟಿ ನಿಂತಿದ್ದೆ. ಯಾರು ಮಾಡಿದರೋ ನನಗ ಗೊತ್ತಿಲ್ಲ,” ಎಂದು ಗಟ್ಟಿಯಾಗಿ ಹೇಳಿದೆ.

ನನ್ನನ್ನು ನಂಬಿದವಳು ಚಿಗವ್ವ ಒಬ್ಬಳೇ. “ನಮ್ಮ ಹುಡುಗ ಸುಳ್ಳು ಹೇಳಾವಲ್ಲ. ಅವ ಮಾಡಿಲ್ಲ ಅಂದ್ರ ಮಾಡಿಲ್ಲ,” ಎಂದಳು. ಆಮೇಲೆ ತನ್ನ ಕೈ ನೋಡಿಕೊಂಡು, “ಹಂಗಾದ್ರ ಮಿಷನ್ನ ಮಾಡೈತಿ,” ಎಂದಳು.

ಆ ಮಾತನ್ನು ಉಳಿದವರೆಲ್ಲ ಹಿಡಿದುಕೊಂಡರು. ನಾವಿಬ್ಬರೂ ಮಿಲ್ಲು ಬಿಟ್ಟ ಮೇಲೆ ಹೆಂಗಸರು ಸೋಮವಾರಕ್ಕೊಮ್ಮೆ ಜನರೇಟರಿಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಸಿಕ್ಕಿಸಲು ಶುರು ಮಾಡಿದರಂತೆ. ಸಾವುಕಾರರು ಬೇಡವೆನ್ನಲಿಲ್ಲ. ತಾವೇ ಒಂದು ಹೂವಿನ ಹಾರ ಹಾಕಿಸಿದರಂತೆ. ಯಾಕೆ ಬೇಡ ಎನ್ನುತ್ತಾರೆ? ವಿಭೂತಿ ಹಚ್ಚಿಸುವುದು ಸುಲಭ, ಸ್ಕ್ರೂ ಇಳಿಸುವುದು ಕಷ್ಟ. ಹಾರದ ಕೆಳಗೆ ಬೀಗ ಇತ್ತು, ಬೀಗದ ಒಳಗೆ ಐವತ್ಮೂರು ಇತ್ತು.

ಆ ಸೀಜನ್ನು ಮುಗಿಯುವ ಮೊದಲೇ ನಾಗವೇಣಿಯ ಕೈ ಹೋಯಿತು. ಬಲಗೈ, ಮಣಿಕಟ್ಟಿನವರೆಗೆ. ಅವತ್ತೂ ಡೀಸೆಲ್ ಮೇಲೆ ಓಡುತ್ತಿತ್ತು. ಮಸ್ತಾನ್ ಕೋಣೆಯಲ್ಲೇ ಇದ್ದ. ಐವತ್ಮೂರರ ನಾಲಿಗೆ ಒಂದು ಚೂರೂ ಸುಮ್ಮನಾಗಲಿಲ್ಲ ಎಂದು ಅವನೇ ಹೇಳಿದ. ಕೂಗು ಕೇಳಿ ಅವನು ಇಂಜಿನ್ ಬಂದ್ ಮಾಡುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಸುದ್ದಿ ಕೇಳಿದ ದಿನ ಚಿಗವ್ವ ಒಲೆ ಹಚ್ಚಲಿಲ್ಲ. “ಆಕಿ ಸಣ್ಣಾಕಿ. ನನ್ನದು ಹೋಗಿದ್ರ ಏನಾಗ್ತಿತ್ತು, ಎಷ್ಟು ದುಡಿಯಾದಿತ್ತು ಇದು ಇನ್ನ,” ಎಂದಳು.

ಗಾಯ ಮಾಗಿದ ಮೇಲೆ ನಾವಿಬ್ಬರೂ ನಾಗವೇಣಿಯನ್ನು ನೋಡಲು ಅವಳ ತವರಿಗೆ ಹೋದೆವು. ಗಂಡನ ಮನೆಯವರು ಅಲ್ಲಿ ಬಿಟ್ಟು ಹೋಗಿದ್ದರು. ಅವಳು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಕಾಯಿಯನ್ನು ಕಾಲ ಹೆಬ್ಬೆರಳಿನಡಿ ಒತ್ತಿ ಹಿಡಿದು ಎಡಗೈಯಲ್ಲಿ ಒಡೆಯುತ್ತಿದ್ದಳು. ನಮ್ಮನ್ನು ಕಂಡು ನಕ್ಕಳು. “ಬಾರ್ರಿ ಇಂಜಿನಿಯರಣ್ಣ. ಫ್ಯಾನ್ ಹಾಕ್ಸಾಕ ಬಂದಿರೇನು?” ಎಂದಳು.

ಚಿಗವ್ವ ಅವಳ ಪಕ್ಕ ಕೂತು ಶೇಂಗಾ ಸುಲಿಯತೊಡಗಿದಳು. ಒಂದು ಬೊಗಸೆ ಸುಲಿದ ಮೇಲೆ ಕೇಳಿದಳು. “ಯಾಕವ್ವಾ ಹಂಗ ಕೈ ಹಾಕಿದಿ? ನಂದು ನೋಡಿದ್ದಿಯಲ್ಲ ನೀನು. ನಿಲ್ಸಬಾರದಿತ್ತೇನು ಜಿನ್ನು?”

“ನೋಡಿದ್ದೆ ಈರಮ್ಮಕ್ಕ, ಅದಕ್ಕ ಹಾಕಿದೆ,” ಎಂದಳು ನಾಗವೇಣಿ. “ಮೊದಲೆಲ್ಲ ಹೆದರಿಕಿ ಇತ್ತು. ನಿಮಗ ಆದಮ್ಯಾಲೆ ಹೋತು ಅದು. ಬೆರಳು ಹಿಡೀತಲ್ಲ, ಆವಾಗರ ಜೋರು ಎಳಕೊಂಡಿದ್ರ ಎರಡು ಬೆರಳಿನಾಗ ಮುಗೀತಿತ್ತಂತ, ಡಾಕ್ಟರ್ ಅಂದ. ನಾ ಎಳಕೊಳ್ಳಲಿಲ್ಲ. ಈಗ ಮೆಲ್ಲಕಾಗ್ತೈತಿ, ಈಗ ಆಗ್ತೈತಿ ಅಂತ ಕಾದೆ.”

ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳುವವರ ಹಾಗೆ ಕೇಳಿದಳು. “ನೀವು ಓದೀರಿ ಅಣ್ಣ. ಅವತ್ತ ಆದದ್ದು ನನಗ ಯಾಕ ಆಗಲಿಲ್ಲ?”

ಈಗ ನಾನು ಬೇರೆ ಕಡೆ, ಗಾಳಿಯಿಂದ ಕರೆಂಟು ಮಾಡುವಲ್ಲಿ ಕೆಲಸದಲ್ಲಿದ್ದೇನೆ. ನನಗಿಂತ ಹೆಚ್ಚು ಓದಿದವರ ಮುಂದೆ ಆ ಮಧ್ಯಾಹ್ನದ ವಿಷಯ ಇಟ್ಟಿದ್ದೇನೆ. ಡೀಸೆಲ್ಲಿನಲ್ಲಿ ಗಾಳಿ ಸೇರಿತ್ತು ಎನ್ನುತ್ತಾರೆ. ಹಾಗಾದರೆ ಇಂಜಿನ್ ಯಾಕೆ ಸಾಯಲಿಲ್ಲ, ಮುಳ್ಳು ಯಾಕೆ ಬೀಳಲಿಲ್ಲ ಎಂದರೆ ನಾನು ಸರಿಯಾಗಿ ನೋಡಿಲ್ಲ ಎನ್ನುತ್ತಾರೆ. ನಾನು ಸರಿಯಾಗಿ ನೋಡಿದ್ದೇನೆ. ಅದು ಏನು ಎನ್ನುವುದು ನನಗೆ ಗೊತ್ತಿಲ್ಲ. ಮೊದಲೆಲ್ಲ ಅದು ಏನೇ ಆಗಿರಲಿ, ಕೆಟ್ಟದ್ದಂತೂ ಅಲ್ಲ ಎಂದುಕೊಂಡಿದ್ದೆ. ನಾಗವೇಣಿಯ ಮಾತು ಕೇಳಿದ ಮೇಲೆ ಅಷ್ಟನ್ನೂ ಹೇಳುವ ಧೈರ್ಯವಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಚಿಗವ್ವ ಕಿಟಕಿಯ ಪಕ್ಕ ಕೂತಿದ್ದಳು. ತನ್ನ ಬಲಗೈಯನ್ನು ಸೆರಗಿನಡಿ ಅಡಗಿಸಿಟ್ಟುಕೊಂಡಿದ್ದಳು. ಕಂಡಕ್ಟರ್ ಬಂದು ಟಿಕೆಟ್ ಚಾಚಿದಾಗಲೂ ಅದನ್ನು ಹೊರಗೆ ತೆಗೆಯಲಿಲ್ಲ. ನಾನೇ ಇಸಿದುಕೊಂಡೆ.